ಲಿಂಕನ್ ಸೋಲಿನ ಲಿಸ್ಟ್‌ನಲ್ಲಿ ಬಿಟ್ಟುಹೋದ ಸಾಲ

ಆ ರೀಲ್ ನೀವೂ ನೋಡಿರ್ತೀರಾ. ಹಿಂದೆ ಪಿಯಾನೋ, ಮುಂದೆ ಲಿಂಕನ್ ಫೋಟೋ. 1832ರಲ್ಲಿ ಎಲೆಕ್ಷನ್ ಸೋತ, ಅಂಗಡಿ ಮುಳುಗ್ತು, ಮತ್ತೆ ಸೋತ, ಮತ್ತೆ ಸೋತ, ಕೊನೆಗೆ ಪ್ರೆಸಿಡೆಂಟ್ ಆದ. ನಮ್ಮ ರಿಸಲ್ಟ್ ಬಂದ ದಿನ ಕ್ಲಾಸ್ ಗ್ರೂಪ್‌ಗೆ ಇದು ನಾಲ್ಕು ಸಲ ಬಂತು. ನಂದೂ ಒಂದು ಸಬ್ಜೆಕ್ಟ್ ಹೋಗಿತ್ತು. ಸಮಾಧಾನ ಆಗೋ ಬದಲು ಸಿಟ್ಟು ಬಂತು.

ಯಾಕಂದ್ರೆ ಆ ಲಿಸ್ಟ್ 1834ನ್ನ ನುಂಗಿಹಾಕಿದೆ. ಆ ವರ್ಷ ಲಿಂಕನ್ ಇಲಿನಾಯ್ ರಾಜ್ಯದ ಶಾಸನಸಭೆಗೆ ಗೆದ್ದ. ವಯಸ್ಸು 25. ಆಮೇಲೆ 1836, 1838, 1840, ಸತತ ನಾಲ್ಕು ಗೆಲುವು. 1832ರಲ್ಲಿ ಸೋತಾಗ್ಲೂ ಅವನ ಊರು ನ್ಯೂ ಸೇಲಂನಲ್ಲಿ ಸುಮಾರು 300 ವೋಟಿಗೆ 277 ಅವನಿಗೇ ಬಿದ್ದಿದ್ವು!

ಅಂಗಡಿ ಕಥೆ ನಿಜ. ವಿಲಿಯಂ ಬೆರಿ ಅನ್ನೋ ಪಾರ್ಟ್ನರ್ ಜೊತೆ ಸಾಲದ ಮೇಲೆ ನಡೆಸಿದ ಅಂಗಡಿ. ಅದು ಮುಳುಗ್ತು, 1835ರಲ್ಲಿ ಬೆರಿ ತೀರಿಕೊಂಡ. ಪಾರ್ಟ್ನರ್‌ಶಿಪ್ ಚಾಪ್ಟರ್ ನೆನಪಿದ್ಯಾ, ಅನ್‌ಲಿಮಿಟೆಡ್ ಲಯಬಿಲಿಟಿ? ಇಬ್ಬರ ಸಾಲವೂ ಇವನೊಬ್ಬನ ತಲೆಗೆ ಬಂತು, ಸುಮಾರು 1,100 ಡಾಲರ್. ಹೊಟ್ಟೆಪಾಡಿಗಿದ್ದ ಸರ್ವೆ ಸಾಮಾನೂ ಹರಾಜಾಯ್ತು. ಜೇಮ್ಸ್ ಶಾರ್ಟ್ ಅನ್ನೋ ಸ್ನೇಹಿತ ಅದನ್ನ ಕೊಂಡು ವಾಪಸ್ ಕೊಟ್ಟ. ಲಿಂಕನ್ ಆ ಸಾಲಕ್ಕೆ ತಮಾಷೆಗೆ ‘ನ್ಯಾಷನಲ್ ಡೆಟ್’ ಅಂತ ಹೆಸರಿಟ್ಟು, ವರ್ಷಗಟ್ಟಲೆ ದುಡಿದು ತೀರಿಸಿದ.

ಇದೇ ಮನುಷ್ಯ ಶಾಸಕನಾಗಿ ಏನ್ ಮಾಡಿದ ನೋಡಿ. 1837ರಲ್ಲಿ ಇಲಿನಾಯ್ ಒಂದು ದೊಡ್ಡ ಕಾನೂನು ಮಾಡ್ತು: ರಾಜ್ಯದ ತುಂಬ ರೈಲು, ರಸ್ತೆ, ನದಿ ಕೆಲಸ, ಸುಮಾರು ಒಂದು ಕೋಟಿ ಡಾಲರ್, ಬಹುಪಾಲು ಸಾಲದಲ್ಲೇ. ರೈಲು ಸಿಗದ ಕೌಂಟಿಗಳು ಬೇಜಾರಾಗಬಾರದು ಅಂತ ಅವಕ್ಕೂ ಹಂಚೋಕೆ 2 ಲಕ್ಷ. ಆಗ ರಾಜ್ಯದ ಜನಸಂಖ್ಯೆ ಐದು ಲಕ್ಷವೂ ಇಲ್ಲ. ಅಂದ್ರೆ ತಲೆಗೆ 20 ಡಾಲರ್‌ಗೂ ಮೇಲೆ. ಲಿಂಕನ್ ಇದರ ಪಕ್ಕಾ ಬೆಂಬಲಿಗ.

ಅದೇ ವರ್ಷ ಅಮೆರಿಕದ ಬ್ಯಾಂಕುಗಳು ಕುಸಿದ್ವು. ಆದ್ರೂ ಇವನು ಯೋಜನೆ ಬಿಡಲಿಲ್ಲ. 1839ರಲ್ಲಿ ಅವನು ಕೊಟ್ಟ ಪರಿಹಾರ: ಕೇಂದ್ರ ಸರ್ಕಾರದ ಖಾಲಿ ಜಮೀನನ್ನ ಎಕರೆಗೆ 25 ಸೆಂಟಿಗೆ ಕೊಳ್ಳೋಣ, ಒಂದೂಕಾಲು ಡಾಲರಿಗೆ ಮಾರೋಣ. (ನಮ್ಮ ಸ್ಟಾರ್ಟಪ್ ಫೆಸ್ಟ್‌ನಲ್ಲಿ ಇದಕ್ಕೆ ಪ್ರೈಜ್ ಗ್ಯಾರಂಟಿ.) ಆದರೆ ಜಮೀನು ಸಿಗಲಿಲ್ಲ. 1840ರಲ್ಲಿ ಸ್ಟೇಟ್ ಬ್ಯಾಂಕ್ ಉಳಿಸೋಕೆ ಕೋರಂ ಮುರಿಯಬೇಕಿತ್ತು, ಬಾಗಿಲು ಹಾಕಿದ್ರು ಅಂತ ಕಿಟಕಿಯಿಂದ ಹಾರಿದ. ಅಷ್ಟರಲ್ಲಿ ಅಟೆಂಡೆನ್ಸ್ ಬಿದ್ದಾಗಿತ್ತು! ಕೊನೆಗೆ ರಾಜ್ಯ ಬಾಂಡ್‌ಗಳ ಬಡ್ಡಿ ಕಟ್ಟೋದನ್ನೇ ನಿಲ್ಲಿಸ್ತು. ಆ ಸಾಲ ಪೂರ್ತಿ ತೀರಿದ್ದು 1880ರ ಆಸುಪಾಸು. ಲಿಂಕನ್ ಸತ್ತಿದ್ದು 1865ರಲ್ಲಿ.

ಅವನು ಕದ್ದ ಅಂತ ನಾನು ಹೇಳ್ತಿಲ್ಲ. ರೈಲು ಬಂದ್ರೆ ರೈತನ ಜೋಳಕ್ಕೆ ಮಾರ್ಕೆಟ್ ಸಿಗುತ್ತೆ ಅಂತ ನಿಜವಾಗಿ ನಂಬಿದ್ದ. ನಂಗೆ ಭಯ ಆಗೋದು ಅದಕ್ಕೇ. ತನ್ನ 1,100ಕ್ಕೆ ಅಷ್ಟು ನಿಯತ್ತಿದ್ದವನಿಗೆ ಊರವರ ಕೋಟಿಯ ರಿಸ್ಕ್ ಕಾಣಲಿಲ್ಲ. ಮೋಟಿವೇಶನ್ ರೀಲ್ ಮಾಡೋರಿಗೆ ತಾನೇ ಅನುಭವಿಸಿದ ಸೋಲು ಬೇಕು, ಬೇರೆಯವರು ದುಡ್ಡು ಕಟ್ಟಿದ ಸೋಲು ಬೇಡ. ನಾಳೆ ಬ್ಯಾಂಕಲ್ಲೋ ಆಡಿಟ್ ಆಫೀಸಲ್ಲೋ ಕೂರೋ ನಮಗೆ ಬೇಕಾಗಿರೋದು ಎರಡನೇದೇ.

ಆ ರೀಲ್ ಮತ್ತೆ ಗ್ರೂಪ್‌ಗೆ ಬಂದ್ರೆ ಕೆಳಗೆ ‘1837?’ ಅಂತ ಹಾಕಿ. ಯಾರು ಏನು ರಿಪ್ಲೈ ಮಾಡಿದ್ರು ಅಂತ ನಂಗೂ ಕಳ್ಸಿ.