ಉತ್ತರ ಬಂದಿಲ್ಲವೆಂದರೆ ಯಾರೂ ಇಲ್ಲವೆಂದೇ?

‘ಅನ್ಯಗ್ರಹ ಜೀವಿಗಳಿದ್ದರೆ ಇಷ್ಟು ಹೊತ್ತಿಗೆ ಸುಳಿವು ಸಿಗುತ್ತಿತ್ತು, ಆಕಾಶಕ್ಕೆ ಕಿವಿಗೊಡುವುದು ದಂಡ’ ಎಂಬ ವಾದಕ್ಕೆ ಈ ಪ್ರತಿಕ್ರಿಯೆ. ಲೇಖಕರು ಮೌನವನ್ನು ಲೆಕ್ಕ ಹಾಕಿದ್ದಾರೆ, ದೂರವನ್ನು ಮರೆತಿದ್ದಾರೆ. 1977ರಲ್ಲಿ ಹೊರಟ ವಾಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡವೂ ಅವುಗಳಲ್ಲೊಂದು. ಸೆಕೆಂಡಿಗೆ ಸುಮಾರು 17 ಕಿ.ಮೀ. ಓಡುವ ವಾಯೇಜರ್-1ರ ವೇಗದಲ್ಲಿ, ಸೂರ್ಯನಾಚೆಗಿನ ಅತಿ ಸಮೀಪದ ನಕ್ಷತ್ರದಷ್ಟು ದೂರ ಸಾಗಲು 70 ಸಾವಿರ ವರ್ಷಕ್ಕೂ ಹೆಚ್ಚು ಬೇಕು. ರೇಡಿಯೊ ಅಲೆ ಬೆಳಕಿನ ವೇಗದ್ದು, ನಿಜ. ಆದರೂ 1974ರಲ್ಲಿ ಅರೆಸಿಬೊ ರೇಡಿಯೊ ದೂರದರ್ಶಕದಿಂದ ಹೊರಟ ಸಂದೇಶ ತನ್ನ ಗುರಿಯಾದ ನಕ್ಷತ್ರಗುಚ್ಛದಷ್ಟು ದೂರ ಹೋಗಲು ಸುಮಾರು 25 ಸಾವಿರ ವರ್ಷ ಹಿಡಿಯುತ್ತದೆ. ಕಾಗದ ಇನ್ನೂ ಅಂಚೆಡಬ್ಬಿಯಲ್ಲಿರುವಾಗಲೇ ಉತ್ತರ ಬರಲಿಲ್ಲವೆಂದು ಮುನಿಸಿಕೊಂಡರೆ ಹೇಗೆ?

ಇನ್ನು ಖರ್ಚಿನ ಮಾತು. ಖಗೋಳಜ್ಞರು ಬೇರೆ ಕೆಲಸಕ್ಕೆ ಕಲೆಹಾಕುವ ದತ್ತಾಂಶವನ್ನೇ ಜಾಲಾಡಿ ಈ ಹುಡುಕಾಟ ನಡೆಸಬಹುದು. ದುಡ್ಡಿಗಿಂತ ಬೇಕಾದ್ದು ರೇಡಿಯೊ ನಿಶ್ಶಬ್ದ. ಬೆಂಗಳೂರಿನ ಕಮ್ಮನಹಳ್ಳಿಯ ತಾರಸಿಗಳ ಮೇಲಿನ ಮೊಬೈಲ್ ಟವರುಗಳ ಗದ್ದಲದಲ್ಲಿ ನಕ್ಷತ್ರದ ಪಿಸುಮಾತು ಕೇಳದು. ಚಂದ್ರಯಾನ-1ರ ಸಂಕೇತ ಹಿಡಿಯಲು ಇಸ್ರೊ ತನ್ನ 32 ಮೀಟರ್ ಆಂಟೆನಾವನ್ನು ನಗರದಾಚೆ ಬ್ಯಾಲಾಳುವಿನ ತಗ್ಗಿನಲ್ಲಿ ನಿಲ್ಲಿಸಿದ್ದೂ ಇದಕ್ಕೇ. ಹೀಗೆ ಹುಡುಕಿದರೆ ಅಪಾಯವನ್ನು ಕರೆದುಕೊಂಡಂತಾಗದೇ ಎನ್ನುವವರಿಗೆ ಒಂದೇ ಮಾತು: ಕೂಗಿದರೆ ವಿಳಾಸ ತಿಳಿದೀತು, ಕೇಳಿಸಿಕೊಂಡರೆ ಅಲ್ಲ.