ಒಂದೇ ಮನೆಗೆ ಎರಡು ಪೆರ್ನಾಲ್

2024ರ ಈದುಲ್ ಫಿತ್ರ್ ನೆನಪಿರಬೇಕಲ್ಲ? ಕೇರಳ, ದಕ್ಷಿಣ ಕನ್ನಡ, ಉಡುಪಿಯಲ್ಲಿ ಏಪ್ರಿಲ್ 10ರ ಬುಧವಾರ ಪೆರ್ನಾಲ್. ಬೆಂಗಳೂರಲ್ಲಿ ಅಂದು 30ನೇ ನೋಂಬು, ಹಬ್ಬ ಮರುದಿನ. ಮೂಡಲಪಾಳ್ಯದಂಥ ಕಡೆ ಇರುವ ಬ್ಯಾರಿ ಮನೆಗಳಿಗೆ ಈ ಫಜೀತಿ ಹೊಸದಲ್ಲ. ಊರಿಂದ ಉಮ್ಮ ಫೋನ್ ಮಾಡಿ "ನಾಳೆ ಪೆರ್ನಾಲ್" ಅನ್ನುವ ಹೊತ್ತಿಗೆ ಇಲ್ಲಿನ ಮಸೀದಿಯಲ್ಲಿ ತರಾವೀಹ್ ಶುರುವಾಗಿರುತ್ತದೆ. "ನಮ್ಮ ಖಾಝಿ ಹೇಳಿ ಆಯ್ತಲ್ಲ" ಎಂದು ಯಜಮಾನ, "ನಮ್ಮ ಕ್ಲಾಸಿನವರಿಗೆಲ್ಲ ನಾಳೆ ನೋಂಬು" ಎಂದು ಮಕ್ಕಳು. ಬರ್ಕತ್ತಿನ ರಾತ್ರಿ ವಾದದಲ್ಲೇ ಕಳೆಯುತ್ತದೆ.

ನಮ್ಮ ಶಾಫಿಈ ಕಿತಾಬುಗಳಲ್ಲೇ ಇದಕ್ಕೆ ದಾರಿ ಇದೆ. ದೂರದ ಊರು ಸೇರಿದವನು ನೋಂಬು, ಹಬ್ಬದಲ್ಲಿ ಅಲ್ಲಿಯವರ ಜೊತೆ ಇರಬೇಕು. ಶಾಮಿನಲ್ಲಿ ಶುಕ್ರವಾರ ರಾತ್ರಿ ಚಂದ್ರ ಕಂಡದ್ದನ್ನು ಕುರೈಬ್ ಮದೀನಕ್ಕೆ ಬಂದು ತಿಳಿಸಿದಾಗ, ನಾವು ಕಂಡದ್ದು ಶನಿವಾರ ರಾತ್ರಿ, ನಮ್ಮ ಲೆಕ್ಕದಲ್ಲೇ ಪೂರ್ತಿ ಮಾಡುತ್ತೇವೆ ಎಂದರು ಇಬ್ನು ಅಬ್ಬಾಸ್ (ರ.). ಸಹೀಹ್ ಮುಸ್ಲಿಮ್‌ನಲ್ಲಿದೆ ಈ ಹದೀಸ್. ಶಾಮಿನವರ ನೋಂಬು ತಪ್ಪು ಎಂದು ಮಾತ್ರ ಅವರು ಹೇಳಲಿಲ್ಲ. ನಮಗೆ ಕಷ್ಟವಾಗುವುದು ಇದೇ.

ಚಂದ್ರನ ಮಾತು ವರ್ಷಕ್ಕೊಮ್ಮೆ. ದಿನಾ ನಡೆಯುವುದು ನೋಡಿ. ಹನಫಿ ಮಸೀದಿಯಲ್ಲಿ ಅಸರ್ ನಮಗಿಂತ ಸುಮಾರು ಒಂದು ಗಂಟೆ ತಡ, ಸುಬ್ಹಿಗೆ ಕುನೂತ್ ಇಲ್ಲ. ಅಷ್ಟಕ್ಕೇ "ಅದು ಉರ್ದು ಮಾತಾಡುವವರ ಪಳ್ಳಿ" ಎಂದು ಅಂಗಡಿಯಲ್ಲೇ ಒಬ್ಬರೇ ನಮಾಝ್ ಮುಗಿಸುವವರಿದ್ದಾರೆ. ಹೋಗಲಿ, ನಮ್ಮವರೇ ಸೇರಿದಲ್ಲಿ? 1989ರಲ್ಲಿ ಸಮಸ್ತ ಎರಡಾಯಿತು. ಆಗ ಹುಟ್ಟಿಯೇ ಇರದವರೂ ಇವತ್ತು ಅದೇ ಲೆಕ್ಕದಲ್ಲಿ ಸಲಾಂ ಅಳೆದು ಹೇಳುತ್ತಾರೆ. "ಉಸ್ತಾದ್, ನಾವು ಯಾವ ಕಡೆ?" ಎಂದು ಮದ್ರಸದ ಮಗು ಕೇಳುತ್ತದೆ. ನಿಯ್ಯತ್ ಇರುವುದು ಖಲ್ಬ್‌ನಲ್ಲಿ ಎಂದು ಪಾಠ ಮಾಡಿದ ಮೇಲೆ ಈ ಪ್ರಶ್ನೆ!

ಮದ್ಹಬ್ ಬಿಡಿ ಎಂದು ನಾವು ಹೇಳುತ್ತಿಲ್ಲ. ಇಮಾಮ್ ಅಬೂ ಹನೀಫಾರ ಖಬರಿನ ಹತ್ತಿರ ಸುಬ್ಹಿ ನಿರ್ವಹಿಸಿದಾಗ ಇಮಾಮ್ ಶಾಫಿಈ ಕುನೂತ್ ಓದಲಿಲ್ಲ ಎಂದು ಉಲಮಾಗಳು ಹೇಳುತ್ತಾ ಬಂದಿದ್ದಾರೆ. ಅವರು ತಮ್ಮ ಮದ್ಹಬ್ ಬಿಟ್ಟರೇ? ಇಲ್ಲ, ಅದಬ್ ತೋರಿಸಿದರು. ಸಫ್ಫ್ ಓರೆಯಾದರೆ ಹೃದಯಗಳೂ ಒಡೆಯುತ್ತವೆ ಎಂದು ಪ್ರವಾದಿ (ಸ.ಅ.) ಎಚ್ಚರಿಸಿದ್ದಾರೆ. ನಾವೋ, ಭುಜ ತಾಗಿಸಿ ನಿಂತು ಪಕ್ಕದವನು ಯಾವ ಸಂಘಟನೆ ಎಂದು ಯೋಚಿಸುತ್ತೇವೆ.

ಮುಂದಿನ ಶಅಬಾನ್ ಮುಗಿಯುವ ಮೊದಲೇ ಮನೆಯವರೆಲ್ಲ ಒಮ್ಮೆ ಕೂತು, ಈ ಊರಲ್ಲಿರುವಷ್ಟು ದಿನ ಈ ಊರಿನವರ ಜೊತೆಗೇ ಎಂದು ತೀರ್ಮಾನ ಮಾಡಿಕೊಳ್ಳಲಿ. ಊರಲ್ಲಿರುವ ಉಮ್ಮನಿಗೂ ಮೊದಲೇ ತಿಳಿಸಿಡಲಿ, ಇಲ್ಲದಿದ್ದರೆ ಫೋನಿನಲ್ಲಿ ಅವರಿಗೆ ಬೇಜಾರಾಗುತ್ತದೆ.