ಎಣಿಕೆಯೇ ಚಿಕಿತ್ಸೆಯಲ್ಲ



ಅನ್ಯಾಯವನ್ನು ಅಳೆದು ಬರೆದಿಟ್ಟ ಮಾತ್ರಕ್ಕೆ ಅದು ನೀಗುವುದೆಂಬ ಭ್ರಮೆ ವಿದ್ಯಾವಂತರಲ್ಲಿ ಬಲವಾಗಿದೆ. ಇಂಗ್ಲೆಂಡಿನ ಮಾನಸಿಕ ಚಿಕಿತ್ಸಾಲಯಗಳ ಚರಿತ್ರೆಯು ಈ ಭ್ರಮೆಯನ್ನು ಹರಿಯಬಲ್ಲದು. ದೂರದೇಶದ ಗೊಡವೆ ನಮಗೇಕೆನ್ನದಿರಿ. ಅಲ್ಲಿಯ ಆಸ್ಪತ್ರೆಗಳಲ್ಲಿ ನಮ್ಮ ನಾಡಿನಲ್ಲಿ ಕಲಿತ ವೈದ್ಯರೂ ದುಡಿಯುತ್ತಿದ್ದಾರೆ.

1998ರಲ್ಲಿ ನಾರ್ವಿಚ್ ನಗರದ ಚಿಕಿತ್ಸಾಲಯವೊಂದರಲ್ಲಿ ಡೇವಿಡ್ ಬೆನೆಟ್ ಎಂಬ ಕಪ್ಪುವರ್ಣದ ರೋಗಿಯನ್ನು ಶುಶ್ರೂಷಕರು ಮುಖ ಕೆಳಗಾಗಿ ನೆಲಕ್ಕೊತ್ತಿ ಹಿಡಿದರು, ಅವರು ಅಸುನೀಗಿದರು. ವರ್ಣಭೇದವು ಆರೋಗ್ಯಸೇವೆಯ ವ್ಯವಸ್ಥೆಯಲ್ಲಿಯೇ ಬೇರೂರಿದೆಯೆಂದು 2003ರ ವಿಚಾರಣಾ ವರದಿಯು ಸಾರಿತು. ಸರ್ಕಾರವು 2005ರಲ್ಲಿ ಐದು ವರ್ಷಗಳ ಸುಧಾರಣಾ ಯೋಜನೆಯನ್ನು ಕೈಗೊಂಡಿತು. 2010ರವರೆಗೆ ವರ್ಷಕ್ಕೊಮ್ಮೆ ಒಳರೋಗಿಗಳ ಜನಾಂಗವಾರು ಗಣತಿಯೂ ನಡೆಯಿತು. ಅಂಕಿಗಳು ಬಂದವು, ಅಸಮಾನತೆ ಇಳಿಯಲಿಲ್ಲ. ಕಪ್ಪುವರ್ಣದವರನ್ನು ಕಾನೂನಿನ ಬಲದಿಂದ ಆಸ್ಪತ್ರೆಯಲ್ಲಿ ತಡೆದಿಡುವ ಪ್ರಮಾಣವು ಬಿಳಿಯರದಕ್ಕಿಂತ ನಾಲ್ಕು ಪಟ್ಟಿಗೂ ಮಿಕ್ಕಿದೆಯೆಂದು ಸೈಮನ್ ವೆಸ್ಲಿಯವರ ನೇತೃತ್ವದ ಪರಾಮರ್ಶೆಯು 2018ರಲ್ಲಿಯೂ ಹೇಳಬೇಕಾಯಿತು.

ಸತ್ಯವನ್ನು ಕಂಡುಹಿಡಿಯುವುದಷ್ಟೇ ತಮ್ಮ ಧರ್ಮ, ಕಾರ್ಯಾಚರಣೆ ಆಳುವವರದು ಎನ್ನುವ ಪಂಡಿತರುಂಟು. ಈ ಮಾತು ವಿನಯದಂತೆ ಕಾಣುವುದು. ವಸ್ತುತಃ ಅದು ಹೊಣೆಯಿಂದ ನುಣುಚಿಕೊಳ್ಳುವ ಉಪಾಯ. ನೊಂದವರ ಕಥೆಯನ್ನು ಬರೆದುಕೊಂಡು, ಅದರಿಂದ ಪದವಿ ಗಳಿಸಿ, ಮತ್ತೆ ಆ ಮನೆಯ ಹೊಸ್ತಿಲನ್ನು ತುಳಿಯದವನು ಸಾಲ ತೀರಿಸದ ಸಾಲಗಾರನಲ್ಲವೇ?

ಸಂಶೋಧನೆಯೇ ಬೇಡವೆಂದಲ್ಲ. ಅಂಕಿಗಳಿಲ್ಲದಿದ್ದರೆ ತಾಯಿಯ ಅಳಲನ್ನು ಒಂದು ಮನೆಯ ದುಃಖವೆಂದು ಅಧಿಕಾರಿಗಳು ತಳ್ಳಿಹಾಕುವರು. ಆದರೆ ಅಂಕಿಗಳ ಬೆನ್ನಿಗೆ ಶಾಸನದ ಬಲ ಬೇಕು. 2010ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಪೊಲೀಸರು ಅದುಮಿ ಹಿಡಿದ ತರುವಾಯ ಒಲಸೇನಿ ಲೂಯಿಸ್ ಎಂಬ 23 ವರ್ಷದ ತರುಣನು ತೀರಿಕೊಂಡನು. ತಂದೆತಾಯಿಗಳು ಸುಮ್ಮನಾಗಲಿಲ್ಲ. ಅವರ ಹೋರಾಟದ ಫಲವಾಗಿ 2018ರಲ್ಲಿ ಶಾಸನವೊಂದು ಬಂದಿತು. ಬಲಪ್ರಯೋಗವನ್ನು ರೋಗಿಯ ಜನಾಂಗಸಹಿತ ದಾಖಲಿಸುವುದೂ ಅದಕ್ಕೊಬ್ಬ ಹೊಣೆಗಾರನನ್ನು ನೇಮಿಸುವುದೂ ಆಸ್ಪತ್ರೆಗಳ ಕರ್ತವ್ಯವಾದವು. ವರ್ಷಗಳ ಗಣತಿಯಿಂದಾಗದ ಕೆಲಸಕ್ಕೆ ಮನೆಯವರ ಹಟವು ದಾರಿ ಮಾಡಿತು.

ಆದುದರಿಂದ, ಇಂಥ ಪ್ರಬಂಧ ನಿಮ್ಮ ಕೈಗೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿರಿ. ವಿಷಯವನ್ನು ಗೊತ್ತುಪಡಿಸುವಾಗಲೇ ನೊಂದವರನ್ನು ಜೊತೆಗೆ ಕೂಡಿಸಿಕೊಂಡಿದ್ದರೇ? ಕಂಡ ಸತ್ಯವನ್ನು ಅವರಿಗೆ ತಿಳಿಯುವ ಮಾತಿನಲ್ಲಿ ಹೇಳಿದರೇ? ಯಾವ ಅಧಿಕಾರಿ ಎಂದಿನೊಳಗೆ ಏನು ಮಾಡಬೇಕೆಂದು ಬರೆದರೇ? ಈ ಮೂರಕ್ಕೂ ಉತ್ತರವಿಲ್ಲದ ಪ್ರಬಂಧವು ಎಷ್ಟೇ ವಿದ್ವತ್ಪೂರ್ಣವಾಗಿದ್ದರೂ ಅರ್ಧಕ್ಕೆ ನಿಂತ ಕೆಲಸವೇ ಸರಿ.